‘ಸೂಪರ್‌ನ್ಯಾಚುರಲ್’ ಅನ್ನು ಅಣ್ಣ-ತಮ್ಮ ಜೊತೆಗೆ ಕೂತು ನೋಡುವುದು ಹೇಗೆ

327 ಎಪಿಸೋಡ್. 15 ಸೀಸನ್. 2005ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2020ರ ನವೆಂಬರ್‌ನಲ್ಲಿ ಮುಗಿದ ಅಮೆರಿಕದ ಧಾರಾವಾಹಿ. ಇದನ್ನು ಪೂರ್ತಿ ನೋಡು ಅಂತ ತಮ್ಮ ಹೇಳಿದಾಗ ನಾನು ಅಂದದ್ದು ಒಂದೇ ಮಾತು: "ನಂಗೆ ತೋಟ ಇದೆ ಮಾರಾಯ." ಅವನು ಒಂದು ಹಾಳೆಯಲ್ಲಿ ಕೆಲವು ನಂಬರ್ ಬರೆದು ಕೊಟ್ಟ. ಇಷ್ಟು ನೋಡು, ಸಾಕು ಅಂದ. ಆಮೇಲೆ ನಾನೂ ಅದಕ್ಕೆ ಒಂದಷ್ಟು ನಂಬರ್ ಸೇರಿಸಿದೆ, ಒಂದಷ್ಟು ಹೊಡೆದು ಹಾಕಿದೆ. ಈಗ ಅದರಲ್ಲಿ 20 ಎಪಿಸೋಡ್ ಉಳಿದಿವೆ. ಒಂದೊಂದು 40 ನಿಮಿಷದ ಮೇಲೆ ಸ್ವಲ್ಪ. ದಿನಕ್ಕೆ ಎರಡರಂತೆ ನೋಡಿದರೆ ಹತ್ತು ದಿನ. ಮಳೆಗಾಲದಲ್ಲಿ ನಮ್ಮ ಕಡೆ ಹತ್ತು ದಿನ ಹೇಗೂ ಸಿಗುತ್ತವೆ.

ದೆವ್ವ, ಪಿಶಾಚಿ, ರಕ್ತ ಹೀರುವವರು, ದೇವದೂತರು ಎಲ್ಲ ಬೇಕು ಅನ್ನುವವರು ಮೊದಲಿಂದ ಕೊನೆಯವರೆಗೆ ನೋಡಲಿ. ನನ್ನ ಹಾಳೆ ಹಿಡಿದಿರುವುದು ಒಂದೇ ಎಳೆಯನ್ನು. ಡೀನ್ ವಿಂಚೆಸ್ಟರ್, ಸ್ಯಾಮ್ ವಿಂಚೆಸ್ಟರ್ ಎಂಬ ಅಣ್ಣ-ತಮ್ಮಂದಿರು ಯಾಕೆ ಮತ್ತೆ ಮತ್ತೆ ಜಗಳ ಆಡುತ್ತಾರೆ, ಯಾಕೆ ಮತ್ತೆ ಮತ್ತೆ ಒಬ್ಬರಿಗಾಗಿ ಒಬ್ಬರು ಸಾಯಲು ಹೊರಡುತ್ತಾರೆ ಅನ್ನುವ ಎಳೆ. ನಿಮಗೊಬ್ಬ ಅಣ್ಣನೋ ತಮ್ಮನೋ ಇದ್ದು, ನಡುವೆ ಮಾತು ಕಡಿಮೆ ಆಗಿದ್ದರೆ, ಇದು ನಿಮಗೇ.

ಕೂರುವ ಮೊದಲು

ಕಥೆ ಶುರುವಾಗುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಲ್ಲಿ, 1983ರ ನವೆಂಬರ್ 2ರ ರಾತ್ರಿ. ಸ್ಯಾಮ್ ಆರು ತಿಂಗಳ ಕೂಸು. ಡೀನ್‌ಗೆ ನಾಲ್ಕು ವರ್ಷ. ಹಳದಿ ಕಣ್ಣಿನ ಪಿಶಾಚಿ ಬಂದು ಅವರ ತಾಯಿ ಮೇರಿಯನ್ನು ಕೂಸಿನ ಕೋಣೆಯ ಮಾಡಿನಲ್ಲೇ ಸುಡುತ್ತದೆ. ಅಪ್ಪ ಜಾನ್ ಕೂಸನ್ನು ಡೀನ್‌ನ ಕೈಗೆ ಕೊಟ್ಟು, ಎತ್ತಿಕೊಂಡು ಹೊರಗೆ ಓಡು, ತಿರುಗಿ ನೋಡಬೇಡ ಅನ್ನುತ್ತಾನೆ. ಈ ಒಂದು ನಿಮಿಷವನ್ನು ಕಣ್ಣು ಬಿಟ್ಟು ನೋಡಿ. ಡೀನ್ ಆ ಕೂಸನ್ನು ಆಮೇಲೆ ಕೆಳಗೆ ಇಳಿಸಲೇ ಇಲ್ಲ. 15 ಸೀಸನ್ ಪೂರ್ತಿ ಅವನು ಹೊತ್ತುಕೊಂಡೇ ಓಡುತ್ತಾನೆ. ಸ್ಯಾಮ್ ಆಳೆತ್ತರ ಬೆಳೆದು, ಅಣ್ಣನಿಗಿಂತ ಉದ್ದ ಆದ ಮೇಲೂ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಡೀನ್ ಪಾತ್ರ ಮಾಡಿದ ಜೆನ್ಸನ್ ಆ್ಯಕಲ್ಸ್ ಗಂಟಲಲ್ಲೇ ಮಾತಾಡುತ್ತಾನೆ. ಮುಖ್ಯವಾದ ಮಾತನ್ನಂತೂ ಇನ್ನೂ ಸಣ್ಣ ದನಿಯಲ್ಲಿ ಹೇಳುತ್ತಾನೆ. ಸ್ಯಾಮ್ ಆಗಿರುವ ಜೇರೆಡ್ ಪ್ಯಾಡಲೆಕಿ ಮಾತು ಅಷ್ಟು ಕಷ್ಟ ಇಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಬಹುದು. ನಮ್ಮ ಅಮ್ಮನಿಗೆ ಭಾಷೆ ಬರುವುದಿಲ್ಲ. ಆದರೂ ಡೀನ್ ಬಾಗಿಲ ಹೊಸ್ತಿಲಿಗೆ ಉಪ್ಪು ಸುರಿದಾಗ, ಕಬ್ಬಿಣದ ಸರಳು ಬೀಸಿದಾಗ ದೆವ್ವ ಮಾಯ ಆದದ್ದನ್ನು ನೋಡಿ "ಮತ್ತೆಂತ, ಅಲ್ಲೂ ಹಂಗೇಯಾ?" ಅಂದರು. ಉಪ್ಪು-ಮೆಣಸು ನಿವಾಳಿಸಿ ದೃಷ್ಟಿ ತೆಗೆಯುವವರಿಗೆ, ಬಾಣಂತಿ ಹಾಸಿಗೆ ಹತ್ತಿರ ಕತ್ತಿ ಇಡುವವರಿಗೆ ಇದರಲ್ಲಿ ಹೊಸದೇನಿದೆ? ದಾರಿ ಕೂಡುವಲ್ಲಿ ನಿಂತು ಪಿಶಾಚಿಯನ್ನು ಕರೆಯುವ ದೃಶ್ಯಕ್ಕೂ ಅಷ್ಟೇ. ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ಪ್ರಶ್ನೆ

ಪ್ರತಿ ಜಗಳ ಬಂದಾಗ ಯಾರದ್ದು ಸರಿ, ಯಾರದ್ದು ತಪ್ಪು ಅಂತ ಹುಡುಕಲು ಹೋಗಬೇಡಿ. ಅದಕ್ಕೆ ಕೊನೆ ಇಲ್ಲ. ಬದಲಿಗೆ ಇದನ್ನು ಕೇಳಿಕೊಳ್ಳಿ: ಇಲ್ಲಿ ಯಾರು, ಯಾರನ್ನು ಕೇಳದೆ, ಯಾರ ಪರವಾಗಿ ತೀರ್ಮಾನ ಮಾಡಿದರು?

ಇದೊಂದನ್ನು ಹಿಡಿದು ಹೋದರೆ ಕಥೆಯ ಒಳಗಿನ ಗಂಟು ಕಾಣುತ್ತದೆ. ಈ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಜಗಳ ಹುಟ್ಟುವುದು ಆ ಪ್ರೀತಿಯಿಂದಲೇ. ಒಬ್ಬ ಇನ್ನೊಬ್ಬನನ್ನು ಉಳಿಸುತ್ತಾನೆ, ಕೇಳದೆ ಉಳಿಸುತ್ತಾನೆ. ಉಳಿದವನಿಗೆ ಅದು ಭಾರ ಆಗುತ್ತದೆ.

ಮೊದಲ ಎರಡು ಸೀಸನ್: ಆರು ಎಪಿಸೋಡ್

ಸೀಸನ್ 1ರಲ್ಲಿ 1, 10, 11 ನೋಡಿ. ಸೀಸನ್ 2ರಲ್ಲಿ 1, 21, 22.

ಮೊದಲನೆಯದರಲ್ಲಿ ಸ್ಯಾಮ್ ಮನೆ ಬಿಟ್ಟು ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾನೆ. ರಾತ್ರಿ ಡೀನ್ ಬಂದು, ಅಪ್ಪ ಬೇಟೆಗೆ ಹೋದವನು ಕೆಲವು ದಿನದಿಂದ ಬಂದಿಲ್ಲ ಅನ್ನುತ್ತಾನೆ. ದೆವ್ವ-ಪಿಶಾಚಿಗಳನ್ನು ಬೇಟೆ ಆಡುವುದೇ ಈ ಮನೆಯವರ ಕೆಲಸ. ಒಬ್ಬ ಊರು ಬಿಟ್ಟು ಓದಲು ಹೋದವನು, ಒಬ್ಬ ಅಪ್ಪನ ಕೆಲಸ ಹಿಡಿದು ಉಳಿದವನು. ನಮ್ಮ ಮಲೆನಾಡಿನ ಎಷ್ಟು ಮನೆಗಳಲ್ಲಿ ಈ ಜೋಡಿ ಇಲ್ಲ ಹೇಳಿ. 10ರಲ್ಲಿ ಹಾಳು ಬಿದ್ದ ಹುಚ್ಚಾಸ್ಪತ್ರೆಯ ದೆವ್ವವೊಂದು ಸ್ಯಾಮ್‌ನ ಒಳಗಿನ ಸಿಟ್ಟನ್ನೆಲ್ಲ ಹೊರಗೆ ತರುತ್ತದೆ. ಅವನು ಅಣ್ಣನ ಎದೆಗೆ ಉಪ್ಪಿನ ಗುಂಡು ಹೊಡೆಯುತ್ತಾನೆ. ಆಮೇಲೆ ದೆವ್ವದ ಕೆಲಸ ಅದು, ನಂದಲ್ಲ ಅನ್ನುತ್ತಾನೆ. ಡೀನ್ ಕಣ್ಣು ನೋಡಿ ಆಗ. ದೆವ್ವ ಹೇಳಿಸಿದ್ದರೂ ಸಿಟ್ಟು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತು.

11ರಲ್ಲಿ ಇಬ್ಬರೂ ನಡುರಸ್ತೆಯಲ್ಲಿ ಬೇರೆ ಆಗುತ್ತಾರೆ. ಅಪ್ಪ ಫೋನಲ್ಲಿ ಒಂದು ಊರಿಗೆ ಹೋಗಿ ಅನ್ನುತ್ತಾನೆ, ಡೀನ್ ಹೋಗೋಣ ಅನ್ನುತ್ತಾನೆ. ಸ್ಯಾಮ್ ಅಪ್ಪನನ್ನೇ ಹುಡುಕಬೇಕು ಅನ್ನುತ್ತಾನೆ. ನಾನು ಇದನ್ನು ನಾಲ್ಕು ಸಲ ನೋಡಿದ್ದೇನೆ, ಒಂದು ಫೋನ್ ಮಾತಿಗಾಗಿ. ಬೇರೆ ಆದ ಮೇಲೆ ಡೀನ್ ತಮ್ಮನಿಗೆ ಫೋನ್ ಮಾಡಿ, ನೀನು ನಿನಗೆ ಬೇಕಾದದ್ದಕ್ಕೆ ಎದೆ ಕೊಟ್ಟು ನಿಲ್ಲುತ್ತೀಯ, ನನಗೆ ಅದು ಹೆಮ್ಮೆ ಅನ್ನುತ್ತಾನೆ. ಎದುರಿಗೆ ಇದ್ದಾಗ ಹೇಳಲಿಲ್ಲ. ದೂರ ಆದ ಮೇಲೆ ಹೇಳಿದ.

ಸೀಸನ್ 2ರ ಮೊದಲ ಎಪಿಸೋಡಿನಲ್ಲಿ ಅಪ್ಪ ತನ್ನ ಆತ್ಮವನ್ನು ಪಿಶಾಚಿಗೆ ಕೊಟ್ಟು ಡೀನ್‌ನನ್ನು ಉಳಿಸುತ್ತಾನೆ. ಸಾಯುವ ಮೊದಲು ಡೀನ್‌ನ ಕಿವಿಯಲ್ಲಿ ಏನೋ ಹೇಳುತ್ತಾನೆ. ತಮ್ಮನನ್ನು ಕಾಪಾಡು, ಆಗದಿದ್ದರೆ ನೀನೇ ಅವನನ್ನು ಕೊಲ್ಲಬೇಕಾಗುತ್ತದೆ ಅಂತ. ಆ ಮಾತು ಏನು ಅಂತ ಗೊತ್ತಾಗುವುದು ತುಂಬ ಆಮೇಲೆ. ಡೀನ್ ಅದನ್ನು ಮುಚ್ಚಿಟ್ಟುಕೊಂಡೇ ಇರುತ್ತಾನೆ. ಕೇಳದೆ ಮಾಡುವ ಉಪಕಾರ ಈ ಮನೆಯಲ್ಲಿ ಅಪ್ಪನಿಂದಲೇ ಬಂದ ಆಸ್ತಿ, ನೋಡಿ. 21 ಮತ್ತು 22ರಲ್ಲಿ ಸ್ಯಾಮ್ ಬೆನ್ನಿಗೆ ಚೂರಿ ಬಿದ್ದು ಅಣ್ಣನ ಕೈಯಲ್ಲೇ ಸಾಯುತ್ತಾನೆ. ಡೀನ್ ದಾರಿ ಕೂಡುವಲ್ಲಿಗೆ ಹೋಗಿ ಆತ್ಮ ಮಾರುತ್ತಾನೆ. ಬೇರೆಯವರಿಗೆಲ್ಲ ಹತ್ತು ವರ್ಷದ ಗಡುವು. ಇವನಿಗೆ ಒಂದೇ ವರ್ಷ. ಅವನು ಅದಕ್ಕೂ ಒಪ್ಪುತ್ತಾನೆ.

ಇಲ್ಲಿ ನಿಲ್ಲಿಸಿ. ಆ ದಿನ ಮುಂದಿನದು ಹಾಕಬೇಡಿ.

3, 4, 5ನೇ ಸೀಸನ್

ಸೀಸನ್ 3ರಲ್ಲಿ 8 ಮತ್ತು 16. ಎಂಟನೆಯದು ಕ್ರಿಸ್‌ಮಸ್ ಕಥೆ. 1991ರಲ್ಲಿ, ಅಪ್ಪ ಬಾರದ ಕ್ರಿಸ್‌ಮಸ್ ರಾತ್ರಿ, ಪುಟ್ಟ ಸ್ಯಾಮ್ ಅಪ್ಪನಿಗೆ ಅಂತ ಇಟ್ಟುಕೊಂಡಿದ್ದ ತಾಯಿತವನ್ನು ಅಣ್ಣನಿಗೆ ಕೊಡುತ್ತಾನೆ. ಡೀನ್ ಅದನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾನೆ. ಆ ತಾಯಿತವನ್ನು ನೆನಪಿಟ್ಟುಕೊಳ್ಳಿ. 16ರಲ್ಲಿ ಗಡುವು ಮುಗಿದು ಡೀನ್ ನರಕಕ್ಕೆ ಹೋಗುತ್ತಾನೆ.

ಸೀಸನ್ 4ರಲ್ಲಿ 1, 21, 22. ಮೊದಲನೆಯದರಲ್ಲಿ ಅವನು ಗೋರಿಯಿಂದ ಎದ್ದು ಬರುತ್ತಾನೆ. ಎತ್ತಿ ತಂದವನು ಕ್ಯಾಸ್ಟಿಯಲ್ ಎಂಬ ದೇವದೂತ. ಅಣ್ಣ ಇಲ್ಲದ ನಾಲ್ಕು ತಿಂಗಳಲ್ಲಿ ಸ್ಯಾಮ್ ರೂಬಿ ಎಂಬ ಪಿಶಾಚಿಯ ಜೊತೆ ಸೇರಿದ್ದಾನೆ. ಅದನ್ನು ಮುಚ್ಚಿಡುತ್ತಾನೆ. ಮುಂದೆ ಪಿಶಾಚಿಯ ರಕ್ತ ಕುಡಿಯುವ ಚಟಕ್ಕೂ ಬೀಳುತ್ತಾನೆ. 21ರಲ್ಲಿ ಅಣ್ಣ-ತಮ್ಮ ಕೈ ಕೈ ಮಿಲಾಯಿಸುತ್ತಾರೆ. ಹೊರಟು ನಿಂತ ತಮ್ಮನಿಗೆ ಡೀನ್ ಹೇಳುತ್ತಾನೆ: ಈ ಬಾಗಿಲು ದಾಟಿದರೆ ಮತ್ತೆ ಬರಬೇಡ. ಸ್ಯಾಮ್ ಓದಲು ಹೊರಟಾಗ ಅಪ್ಪ ಹೇಳಿದ್ದೂ ಇದೇ ಮಾತು. ಅಪ್ಪನ ಬಾಯಿ ಅಣ್ಣನಿಗೆ ಬಂದಿದೆ ಅನ್ನುವುದು ಅಣ್ಣನಿಗೆ ಗೊತ್ತಿಲ್ಲ. ತಮ್ಮನಿಗೆ ಗೊತ್ತು.

22ರ ವಾಯ್ಸ್‌ಮೇಲ್ ದೃಶ್ಯ ಬಂದಾಗ ನನಗೆ ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ನೆನಪಾಯಿತು. ಡೀನ್ ತಮ್ಮನಿಗೆ ಕ್ಷಮೆ ಕೇಳಿ ಫೋನಲ್ಲಿ ಮಾತು ಬಿಟ್ಟಿರುತ್ತಾನೆ. ದೇವದೂತರ ಕಡೆಯವರು ಆ ಮಾತನ್ನು ಬದಲಿಸಿಬಿಡುತ್ತಾರೆ. ಸ್ಯಾಮ್‌ಗೆ ಕೇಳುವುದು ನೀನು ರಾಕ್ಷಸ, ನಿನ್ನನ್ನು ಉಳಿಸುವ ಕೆಲಸ ಮುಗಿಯಿತು ಅನ್ನುವ ದನಿ. ಅಣ್ಣನದೇ ದನಿ. ಅವನು ನಂಬುತ್ತಾನೆ.

ವಾಲಿ-ಸುಗ್ರೀವರ ಜಗಳ ಶುರುವಾಗಿದ್ದೂ ಹೀಗೇ ಅಲ್ವಾ? ವಾಲಿ ಮಾಯಾವಿಯನ್ನು ಅಟ್ಟಿಸಿಕೊಂಡು ಗುಹೆ ಹೊಕ್ಕ. ಸುಗ್ರೀವ ಬಾಗಿಲಲ್ಲಿ ಒಂದು ವರ್ಷ ಕಾದ. ಕೊನೆಗೆ ಒಳಗಿಂದ ರಕ್ತ ಹರಿದು ಬಂತು, ರಾಕ್ಷಸರ ಕೂಗು ಕೇಳಿತು, ಅಣ್ಣನ ದನಿ ಮಾತ್ರ ಕೇಳಲಿಲ್ಲ. ಸತ್ತ ಅಂದುಕೊಂಡು ಗುಹೆಗೆ ಬಂಡೆ ಮುಚ್ಚಿ ಹೋದ. ಬದುಕಿ ಬಂದ ವಾಲಿ ಕಂಡದ್ದು ಮುಚ್ಚಿದ ಬಂಡೆ, ಸಿಂಹಾಸನದ ಮೇಲೆ ಕೂತ ತಮ್ಮ. ನಮ್ಮ ಕಡೆ ‘ವಾಲಿವಧೆ’ ಪ್ರಸಂಗ ಇಟ್ಟ ರಾತ್ರಿಗಳಲ್ಲಿ ವಾಲಿಗೂ ರಾಮನಿಗೂ ನಡೆಯುವ ವಾದಕ್ಕೆ ಜನ ಕಾಯುತ್ತಾರೆ. ನಾನು ಕಾಯುವುದು ಸುಗ್ರೀವನ ಮಾತು ಹೇಳುವ ಅರ್ಥಧಾರಿ ಆ ಗುಹೆಯ ಬಾಗಿಲನ್ನು ಹೇಗೆ ಹೇಳುತ್ತಾನೆ ಅನ್ನುವುದಕ್ಕೆ. ಒಳ್ಳೆಯ ಅರ್ಥಧಾರಿ ಆ ಒಂದು ವರ್ಷವನ್ನು ಬಿಡದೆ ಹೇಳುತ್ತಾನೆ. ವಾಲಿ ಒಂದು ಮಾತು ಕೇಳಿದ್ದರೆ ಆ ವರ್ಷ ಅವನಿಗೂ ಗೊತ್ತಾಗುತ್ತಿತ್ತು.

ಸೀಸನ್ 5ರಲ್ಲಿ 16 ಮತ್ತು 22. 16ರಲ್ಲಿ ಇಬ್ಬರೂ ಸ್ವರ್ಗಕ್ಕೆ ಹೋಗುತ್ತಾರೆ. ಅಲ್ಲಿ ಅವರವರ ಬದುಕಿನ ಒಳ್ಳೆಯ ನೆನಪುಗಳು ಕಾಣುತ್ತವೆ. ಸ್ಯಾಮ್‌ನ ಒಳ್ಳೆಯ ನೆನಪುಗಳೆಲ್ಲ ಮನೆಯಿಂದ ದೂರ ಇದ್ದಾಗಿನವು. ಅಣ್ಣ ಅದರಲ್ಲಿ ಇಲ್ಲ. ವಾಪಸ್ ಬಂದ ಮೇಲೆ ಡೀನ್ ಆ ತಾಯಿತವನ್ನು ಕಸದ ಬುಟ್ಟಿಗೆ ಹಾಕಿ ನಡೆಯುತ್ತಾನೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ತಮ್ಮನ ಒಳ್ಳೆಯ ನೆನಪಲ್ಲಿ ನಾನು ಎಷ್ಟು ಕಡೆ ಇರಬಹುದು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ.

22 ಈ ಧಾರಾವಾಹಿಯ ಎದೆ. ಅಣ್ಣ-ತಮ್ಮಂದಿರ ಕಪ್ಪು ಕಾರು, 1967ರ ಶೆವ್ರೊಲೆ ಇಂಪಾಲಾ, ಇಲ್ಲಿ ಒಂದು ಪಾತ್ರವೇ ಆಗುತ್ತದೆ. ಸ್ಯಾಮ್‌ನ ಮೈಯೊಳಗೆ ಲೂಸಿಫರ್, ಅಂದರೆ ಸೈತಾನ, ಸೇರಿದ್ದಾನೆ. ಆ ಕೈಗಳೇ ಡೀನ್‌ನನ್ನು ಹೊಡೆದು ಹಾಕುತ್ತಿವೆ. ಡೀನ್ ಕೈ ಎತ್ತುವುದಿಲ್ಲ. ನಾನು ಇಲ್ಲೇ ಇದ್ದೇನೆ, ಬಿಟ್ಟು ಹೋಗಲ್ಲ ಅನ್ನುತ್ತಾನೆ. ಆಗ ಕಾರಿನ ಬೂದಿಡಬ್ಬಿಯಲ್ಲಿ ಸಿಕ್ಕಿಕೊಂಡಿರುವ ಆಟದ ಸೈನಿಕನ ಮೇಲೆ ಸ್ಯಾಮ್‌ನ ಕಣ್ಣು ಬೀಳುತ್ತದೆ. ಚಿಕ್ಕಂದಿನಲ್ಲಿ ಅವನೇ ತುರುಕಿದ್ದು. ಅಷ್ಟರಿಂದ ಅವನಿಗೆ ತನ್ನ ಮೈ ತನಗೆ ಸಿಗುತ್ತದೆ. ಅವನು ಲೂಸಿಫರ್‌ನನ್ನು ಹೊತ್ತುಕೊಂಡು ಗುಂಡಿಗೆ ಹಾರುತ್ತಾನೆ. ಹಾರುವುದು ಅವನದೇ ಯೋಚನೆ. ಡೀನ್ ಮೊದಲು ಬೇಡ ಅಂದವನು, ಆಮೇಲೆ ಒಪ್ಪಿಕೊಂಡವನು. ಇಡೀ ಕಥೆಯಲ್ಲಿ ಅಣ್ಣ ತಮ್ಮನ ತೀರ್ಮಾನವನ್ನು ತಮ್ಮನಿಗೇ ಬಿಟ್ಟ ದೊಡ್ಡ ಸಂದರ್ಭ ಇದು.

6, 7, 8 ಬಿಡಿ. ಸ್ಯಾಮ್ ಗುಂಡಿಯಿಂದ ವಾಪಸ್ ಬಂದಿದ್ದಾನೆ ಅಂತ ಗೊತ್ತಿದ್ದರೆ ಸಾಕು. ಇಷ್ಟ ಆದರೆ ಆಮೇಲೆ ನೋಡಿ.

ಸೀಸನ್ 9: ನಿಧಾನವಾಗಿ

1, 10, 13, 23. ಇಲ್ಲಿ ನನ್ನ ಕಥೆ ಹೇಳಲೇಬೇಕು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ಒಳಗೆ. ಎರಡೂವರೆ ಎಕರೆ ಅಡಿಕೆ. ಅಪ್ಪ ಹೋದಾಗ ನನಗೆ 21, ತಮ್ಮನಿಗೆ 15. ನಾನು ಶಿವಮೊಗ್ಗದಲ್ಲಿ ಡಿಗ್ರಿ ಬಿಟ್ಟು ಬಂದು ತೋಟ ಹಿಡಿದೆ. ತಮ್ಮನ ಇಂಜಿನಿಯರಿಂಗ್‌ಗೆ ತೋಟದ ಮೇಲೆ ಸಾಲ ಮಾಡಿದೆ. ಅವನಿಗೆ ಹೇಳಲಿಲ್ಲ. ಓದುವ ಹುಡುಗನ ತಲೆಗೆ ಯಾಕೆ ಅಂತ.

2018ರ ಡಿಸೆಂಬರ್‌ನಲ್ಲಿ ಹಿಸ್ಸೆ ಮಾಡಿಕೊಳ್ಳಲು ಕೂತೆವು. ಹೊಳೆ ಬದಿಯ ತೋಟ ಫಲ ಜಾಸ್ತಿ ಕೊಡುವಂಥದ್ದು. ಅದನ್ನು ತಮ್ಮನ ಹೆಸರಿಗೆ ಬರೆಸಿದೆ. ಗುಡ್ಡದ ಬದಿಯದು ಮತ್ತು ಉಳಿದ ಸಾಲ ನನಗೆ. ಒಳ್ಳೆಯದು ಮಾಡಿದೆ ಅಂತಲೇ ನಾನು ಅಂದುಕೊಂಡಿದ್ದೆ. ಸಹಿ ಮಾಡಲು ಬಂದ ತಮ್ಮ ಪತ್ರ ಓದಿದ. ಸಾಲದ ವಿಷಯ ಅವನಿಗೆ ಗೊತ್ತಾಗಿದ್ದು ಅಲ್ಲೇ, ನಾಲ್ಕು ಜನರ ಎದುರು. ಪೆನ್ನು ಕೆಳಗಿಟ್ಟ. "ನನ್ನ ಒಂದು ಮಾತು ಕೇಳಿದ್ಯಾ?" ಅಂದ. ಬಸ್ ಹತ್ತಿ ಹೋದ. ಎಂಟು ತಿಂಗಳು ಮಾತಿಲ್ಲ.

2019ರ ಆಗಸ್ಟ್ ಮಳೆ ಈ ಕಡೆಯವರಿಗೆಲ್ಲ ನೆನಪಿರುತ್ತದೆ. ತುಂಗೆ ಉಕ್ಕಿ ಹರಿದ ವರ್ಷ. ಅಮ್ಮನಿಗೆ ಹುಷಾರಿಲ್ಲ ಅಂತ ಬಂದಿದ್ದ ತಮ್ಮ ಸಿಕ್ಕಿಹಾಕಿಕೊಂಡ. ನಮ್ಮ ದಾರಿಗೆ ಮರ ಬಿದ್ದಿತ್ತು. ಕರೆಂಟ್ ಇಲ್ಲ. ಇನ್ವರ್ಟರ್ ಎರಡನೇ ದಿನ ಸತ್ತಿತು. ಅವನು ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಏನೋ ನೋಡುತ್ತಿದ್ದ. ನಾನು ಕಂಬಳಿ ಒಣಗಿಸುವ ನೆಪದಲ್ಲಿ ಹಿಂದೆ ನಿಂತೆ. ಅವನು ತಿರುಗದೆ ಸ್ವಲ್ಪ ಸರಿದು ಜಾಗ ಬಿಟ್ಟ.

ಮೊದಲ ಸೀಸನ್ನಿನ ಮೊದಲನೆಯದು ತೋರಿಸಿದ. ಆಮೇಲೆ ನೇರ ಒಂಬತ್ತಕ್ಕೆ ಹಾರಿದ. ಬ್ಯಾಟರಿ ಕಡಿಮೆ ಇದೆ, ಅದಕ್ಕೆ ಅಂದ. ಕಾರಣ ಅದಲ್ಲ ಅಂತ ನನಗೆ ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು.

ಒಂಬತ್ತರ ಮೊದಲ ಎಪಿಸೋಡಿನಲ್ಲಿ ಸ್ಯಾಮ್ ಸಾಯುತ್ತಿದ್ದಾನೆ, ಸಾಯಲು ತಯಾರಾಗಿಯೂ ಇದ್ದಾನೆ. ಈ ಕಥೆಯಲ್ಲಿ ಒಂದು ನಿಯಮ ಇದೆ. ಪಿಶಾಚಿ ಯಾರ ಮೈಗೆ ಬೇಕಾದರೂ ಬರಬಹುದು. ದೇವದೂತ ಬರಬೇಕಾದರೆ ಆ ಮನುಷ್ಯ ಹೂಂ ಅನ್ನಬೇಕು. ಸ್ಯಾಮ್ ಹೂಂ ಅನ್ನುವುದಿಲ್ಲ ಅಂತ ಡೀನ್‌ಗೆ ಗೊತ್ತು. ಹಾಗಾಗಿ ದೇವದೂತ ಡೀನ್‌ನ ರೂಪದಲ್ಲೇ ತಮ್ಮನ ಮನಸ್ಸಿನೊಳಗೆ ಹೋಗಿ ಹೂಂ ಅನ್ನಿಸುತ್ತಾನೆ. ಡೀನ್ ಅದಕ್ಕೆ ಒಪ್ಪುತ್ತಾನೆ. ತಮ್ಮ ಬದುಕುತ್ತಾನೆ. ಅವನ ಮೈಯಲ್ಲಿ ಇನ್ನೊಬ್ಬ ಇದ್ದಾನೆ ಅಂತ ಅವನಿಗೇ ಗೊತ್ತಿಲ್ಲ. ಆ ದೇವದೂತ ಸ್ಯಾಮ್‌ನ ಕೈಯಿಂದಲೇ ಅವರ ಗೆಳೆಯನೊಬ್ಬನನ್ನು ಕೊಲ್ಲುತ್ತಾನೆ. 10ರಲ್ಲಿ ಎಲ್ಲ ತಿಳಿದ ಮೇಲೆ ಸ್ಯಾಮ್ ಹೇಳುವುದು ಇಷ್ಟು: ನಾನು ಸಾಯಲು ತಯಾರಿದ್ದೆ. 13ರಲ್ಲಿ ಇನ್ನೂ ಗಟ್ಟಿಯಾದ ಮಾತು ಬರುತ್ತದೆ. ನೀನು ನನ್ನ ಜಾಗದಲ್ಲಿ ಇದ್ದಿದ್ದರೆ, ಇದೇ ಸಂದರ್ಭ ಆಗಿದ್ದರೆ, ನಾನು ಹಾಗೆ ಮಾಡುತ್ತಿರಲಿಲ್ಲ.

ತಮ್ಮ ಅಲ್ಲಿ ನಿಲ್ಲಿಸಿದ. ಹೊರಗೆ ಮಳೆ. ಅವನು ಬಾಯಲ್ಲಿ ಹೇಳಲಾಗದ್ದನ್ನು ತೋರಿಸಿದ್ದ.

ನಾನು ಸುಮ್ನೆ ಕೂತಿದ್ದೆ. ಆಮೇಲೆ ಕೇಳಿದೆ: "ಹೊಳೆ ಬದಿದು ನಿಂಗೆ ಬೇಡ್ವಾ?" ಅವನು ಅಂದ: "ಬೇಕೋ ಬೇಡ್ವೋ ಅಂತ ಈಗ ಕೇಳ್ದೆ ನೋಡು."

ಈ ನಾಲ್ಕು ಎಪಿಸೋಡ್ ನೋಡುವಾಗ ಹೀಗೆ ಮಾಡಿ. ಒಂದು ಮುಗಿದ ಕೂಡಲೇ ಇನ್ನೊಂದು ಹಾಕಬೇಡಿ. ಅಣ್ಣ ಆದವನು ಸ್ಯಾಮ್‌ನ ಪರವಾಗಿ ಮಾತಾಡಲಿ, ತಮ್ಮ ಆದವನು ಡೀನ್‌ನ ಪರವಾಗಿ. ತಾಳಮದ್ದಳೆಯಲ್ಲಿ ಇವತ್ತು ವಾಲಿ ಹೇಳಿದವನು ನಾಳೆ ಸುಗ್ರೀವ ಹೇಳುತ್ತಾನಲ್ಲ, ಹಾಗೆ. ಎದುರು ಪಕ್ಷದ ಅರ್ಥ ಹೇಳಲು ಹೊರಟಾಗ ಅದರ ನೋವು ಬಾಯಿಗೆ ಬರುತ್ತದೆ. ನಾನು ಸ್ಯಾಮ್‌ನ ಅರ್ಥ ಹೇಳುತ್ತಾ ಹೇಳುತ್ತಾ ನನ್ನ ಸಾಲದ ವಿಷಯಕ್ಕೆ ಬಂದುಬಿಟ್ಟೆ. ತಮ್ಮ ಡೀನ್‌ನ ಅರ್ಥ ಹೇಳುತ್ತಾ, ನಾಲ್ಕು ವರ್ಷದ ಹುಡುಗನ ಕೈಯಲ್ಲಿ ಕೂಸು ಕೊಟ್ಟರೆ ಅವನು ಇನ್ನೇನು ಕಲಿತಾನು ಅಂದ. ನನ್ನ ಬಗ್ಗೆ ಹೇಳಿದ್ದು ಅಂತ ಇಬ್ಬರಿಗೂ ಗೊತ್ತಿತ್ತು.

23ನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಡೀನ್ ಸಾಯುತ್ತಿರುವಾಗ ಸ್ಯಾಮ್ ಅವನನ್ನು ಉಳಿಸಲು ಒದ್ದಾಡುತ್ತಾನೆ. ಇದೆಲ್ಲ ಮಾಡಲ್ಲ ಅಂದಿದ್ದೆಯಲ್ಲ ಅಂತ ಅಣ್ಣ ಕೇಳಿದರೆ, ಸುಳ್ಳು ಹೇಳಿದ್ದೆ ಅನ್ನುತ್ತಾನೆ. ಆದರೆ ಇದನ್ನು ನೋಡಿ, ಹಾಗಾದರೆ ಡೀನ್ ಮಾಡಿದ್ದೇ ಸರಿ ಅನ್ನುವ ತೀರ್ಮಾನಕ್ಕೆ ಬರಬೇಡಿ. ಸ್ಯಾಮ್‌ನ ಸಿಟ್ಟೂ ನಿಜ, ಈ ಮಾತೂ ನಿಜ.

ಉಳಿದ ಮೂರು

ಸೀಸನ್ 10ರ 23. ಇದಕ್ಕೆ ಹಿಂದಿನ ಕಥೆ ಸ್ವಲ್ಪ ಬೇಕು. ಬೈಬಲ್ಲಿನ ಕೇಯ್ನ್ ತಮ್ಮ ಏಬಲ್‌ನನ್ನು ಕೊಂದವನು. ಧಾರಾವಾಹಿ ಆ ಕಥೆಗೆ ಬೇರೆ ತಿರುವು ಕೊಟ್ಟಿದೆ. ಏಬಲ್ ಲೂಸಿಫರ್‌ನ ಬಲೆಗೆ ಬೀಳುತ್ತಿದ್ದ. ತಮ್ಮ ಸ್ವರ್ಗಕ್ಕೆ ಹೋಗಲಿ, ನಾನು ನರಕಕ್ಕೆ ಬರುತ್ತೇನೆ ಅಂತ ಕೇಯ್ನ್ ಒಪ್ಪಂದ ಮಾಡಿಕೊಂಡ. ಆಗಲಿ, ಆದರೆ ನೀನೇ ಅವನನ್ನು ಕಳಿಸಬೇಕು ಅಂದ ಲೂಸಿಫರ್. ತಮ್ಮನನ್ನು ಕಾಪಾಡಲು ತಮ್ಮನನ್ನೇ ಕೊಂದ. ಕೇಳದೆ ಮಾಡುವ ಉಪಕಾರ ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಇದರಲ್ಲಿ ಕಾಣುತ್ತದೆ. ಕೇಯ್ನ್‌ನ ಗುರುತು, ಕೊಲ್ಲುವ ಹುಚ್ಚು ಹಿಡಿಸುವ ಶಾಪ ಅದು, ಈಗ ಡೀನ್‌ನ ತೋಳಿನ ಮೇಲೆ. 23ರಲ್ಲಿ ಅವನ ಎದುರಿಗೂ ತಮ್ಮ ಮಂಡಿಯೂರಿ ಕೂತಿರುತ್ತಾನೆ. ಏನಾಗುತ್ತದೆ ಅಂತ ಹೇಳುವುದಿಲ್ಲ.

ಸೀಸನ್ 11ರ 4. ಇದರಲ್ಲಿ ಎಲ್ಲವನ್ನೂ ಕಾರಿನ ಒಳಗಿಂದಲೇ ತೋರಿಸಿದ್ದಾರೆ. ದೊಡ್ಡ ಜಗಳ ಇಲ್ಲ. ಇಬ್ಬರೂ ಹಾಡುತ್ತಾರೆ, ಕಾರಲ್ಲೇ ಮಲಗುತ್ತಾರೆ, ಅಪ್ಪನ ಬಗ್ಗೆ ಮಾತಾಡುತ್ತಾರೆ. ತಮ್ಮನ ಹಾಳೆಯಲ್ಲಿ ಇದು ಇರಲಿಲ್ಲ, ನಾನು ಸೇರಿಸಿದ್ದು. ಜಗಳ ಮಾತ್ರ ನೋಡಿದರೆ ಇವರು ಯಾಕೆ ಜೊತೆಗೆ ಇದ್ದಾರೆ ಅಂತಲೇ ಮರೆತುಹೋಗುತ್ತದೆ.

ಕೊನೆಯದು ಸೀಸನ್ 15ರ 20. ನಾವು ಇದನ್ನು ನೋಡಿದ್ದು 2021ರ ಸಂಕ್ರಾಂತಿ ಹೊತ್ತಿಗೆ. ಕೊರೊನಾ ಕಾಲ, ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ನೆಟ್‌ವರ್ಕ್ ಸಿಗುವುದು ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಅಲ್ಲಿಗೆ ಹತ್ತಿ ಫೋನಿಗೆ ಇಳಿಸಿಕೊಂಡು ಬಂದ. ಅಡಿಕೆ ಗೊನೆ ಕೊಯ್ಲು ನಡೆಯುತ್ತಿತ್ತು. ಅಂಗಳದ ತುಂಬ ಅಡಿಕೆ, ರಾತ್ರಿ ಸುಲಿಯುವ ಕೆಲಸ. ಎಲ್ಲರೂ ಎದ್ದು ಹೋದ ಮೇಲೆ ನಾವಿಬ್ಬರೇ ಸುಲಿಯುವ ಮಣೆ ಮೇಲೆ ಕೂತು ಆ ಸಣ್ಣ ಪರದೆಯಲ್ಲಿ ನೋಡಿದೆವು.

ಅದರಲ್ಲಿ ಡೀನ್ ಒಂದು ಹಳೆಯ ಕೊಟ್ಟಿಗೆಯಲ್ಲಿ, ಸಾಮಾನ್ಯ ಬೇಟೆಯೊಂದರಲ್ಲಿ, ಕಬ್ಬಿಣದ ಸರಳು ಚುಚ್ಚಿ ಸಾಯುತ್ತಾನೆ. ಪ್ರಪಂಚ ಮುಳುಗುವ ಯುದ್ಧ ಏನೂ ಅಲ್ಲ. ಈ ಸಲ ಅವನು ತಮ್ಮನಿಗೆ, ನನ್ನನ್ನು ವಾಪಸ್ ತರಬೇಡ ಅನ್ನುತ್ತಾನೆ. ಹೋಗಲಾ ಅಂತ ಕೇಳುತ್ತಾನೆ. ಪರವಾಗಿಲ್ಲ, ನೀನು ಹೋಗಬಹುದು ಅಂತ ನಿನ್ನ ಬಾಯಲ್ಲಿ ಹೇಳು ಅನ್ನುತ್ತಾನೆ. ತುಂಬ ಹೊತ್ತು ಆದ ಮೇಲೆ ಸ್ಯಾಮ್ ಹೇಳುತ್ತಾನೆ.

ಹಲವರಿಗೆ ಈ ಮುಗಿತಾಯ ಇಷ್ಟ ಆಗಲಿಲ್ಲ. ನನಗೆ ಇದೇ ಸರಿ ಅನ್ನಿಸಿತು. 15 ವರ್ಷ ಆದ ಮೇಲೆ ಕೊನೆಗೂ ಒಬ್ಬ ಕೇಳಿದ, ಇನ್ನೊಬ್ಬ ಉತ್ತರ ಕೊಟ್ಟ.

ಇದನ್ನು ರಾತ್ರಿ ನೋಡಿ, ಮರುದಿನ ಬೆಳಿಗ್ಗೆ ಬೇಗ ಏಳುವ ಕೆಲಸ ಇಟ್ಟುಕೊಳ್ಳಬೇಡಿ. ಜೊತೆಗೆ ನೋಡಲು ಆಗದಿದ್ದರೆ ಇಬ್ಬರೂ ಅವರವರ ಊರಲ್ಲಿ ಒಂದೇ ಹೊತ್ತಿಗೆ ಹಾಕಿಕೊಳ್ಳಿ, ಮುಗಿದ ಮೇಲೆ ಫೋನ್ ಮಾಡಿ. ಮೆಸೇಜ್ ಬೇಡ, ದನಿ ಕೇಳಬೇಕು.

ನಮ್ಮ ಹಿಸ್ಸೆ ಪತ್ರ ಇನ್ನೂ ಆಗಿಲ್ಲ. ಹೊಸದಾಗಿ ಬರೆಸಲು ಕೂತಾಗ ಹೊಳೆ ಬದಿಯದನ್ನು ಎರಡು ಭಾಗ ಮಾಡೋಣ ಅಂತ ತಮ್ಮ ಅಂದ. ಸಾಲ ಅವನೂ ಅರ್ಧ ಕಟ್ಟಿದ. ಗಡಿ ಎಲ್ಲಿ ಬರಬೇಕು ಅಂತ ನೋಡಲು ಮುಂದಿನ ವಾರ ಬರುತ್ತಾನೆ. ಇಬ್ಬರೂ ಸೇರಿ ಹಗ್ಗ ಹಿಡಿದು ಅಳೆಯಬೇಕು.